ಈ ಬೇಸಿಗೆಗೆ ಮನೆ ಮುಂದೆ ಅರವಟ್ಟಿಗೆ ಇಡುತ್ತಿದ್ದೇವೆ. ಸಲಹೆ ಕೊಡಿ, ನಿಮ್ಮ ಕಡೆಯ ಒಳ್ಳೆಯ ಸಂಗತಿಗಳನ್ನೂ ಹೇಳಿ

ಹೊಂಗೆನೆರಳು, ಕುವೆಂಪುನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ಶಿವರಾತ್ರಿ ಮುಗಿಯಿತು, ಬಿಸಿಲು ಆಗಲೇ ಚುರುಗುಟ್ಟುತ್ತಿದೆ. ನಮ್ಮ ಬೀದಿಯ ನಾಲ್ಕೈದು ಮನೆಯವರು ಸೇರಿ ಯುಗಾದಿಯಿಂದ ಮಳೆ ಹಿಡಿಯುವವರೆಗೆ ಒಂದು ಅರವಟ್ಟಿಗೆ ಇಡೋಣ ಅಂದುಕೊಂಡಿದ್ದೇವೆ. ಕಾಂಪೌಂಡಿನ ಹೊರಗೆ ದೊಡ್ಡ ಹೊಂಗೆಮರ ಇದೆ, ನೆರಳು ಚೆನ್ನಾಗಿದೆ. ಎರಡು ಮಡಿಕೆ ನೀರು, ಆದ ದಿನ ಮಜ್ಜಿಗೆ. ಇಷ್ಟೇ ಯೋಚನೆ.

ಬೆಳಿಗ್ಗೆ ಕಸ ಒಯ್ಯುವ ಪೌರಕಾರ್ಮಿಕರು, ಮಧ್ಯಾಹ್ನ ಪಾರ್ಸೆಲ್ ತರುವ ಹುಡುಗರು, ಸೊಪ್ಪು ಮಾರುವ ಅಜ್ಜಿ, ಇವರೆಲ್ಲ ದಿನಾ ನಮ್ಮ ಬಾಗಿಲಿಗೆ ಬರುತ್ತಾರೆ. ಆದರೆ ನೀರು ಕೊಡಿ ಅಂತ ಬಾಯಿಬಿಟ್ಟು ಕೇಳುವವರು ಕಡಿಮೆ. ಗೇಟು, ನಾಯಿ, ಕ್ಯಾಮೆರಾ ಇರುವ ಮನೆ ಮುಂದೆ ನಿಂತು ಕೇಳೋದಕ್ಕೆ ಯಾರಿಗಾದರೂ ಸಂಕೋಚ ಆಗುತ್ತದೆ. ಕೇಳದೇ ಸಿಗುವ ಹಾಗೆ ಇಟ್ಟುಬಿಟ್ಟರೆ ಆ ಸಂಕೋಚವೇ ಬೇಡ ಅಲ್ವಾ?

ಅರವಟ್ಟಿಗೆ ನಡೆಸಿ ಗೊತ್ತಿರುವವರು ಮಡಿಕೆ, ಲೋಟ, ಸ್ವಚ್ಛತೆ ಬಗ್ಗೆ ಹೇಳಿ. ಇನ್ನೊಂದು ಆಸೆಯೂ ಇದೆ. ಪೇಪರ್ ತೆಗೆದರೆ ಬರೀ ಬೇಜಾರಿನ ಸುದ್ದಿ. ಮೈಸೂರು, ಮಂಡ್ಯ ಕಡೆ ನೀವು ಕಂಡ ಚಿಕ್ಕಪುಟ್ಟ ಒಳ್ಳೆಯ ಸಂಗತಿಗಳನ್ನು ಇಲ್ಲೇ ಬರೆಯಿರಿ. ದೊಡ್ಡ ದಾನಧರ್ಮ ಬೇಡ, ದಿನಬಳಕೆಯದ್ದು ಸಾಕು.

ಪಾಂಡವಪುರದ ಸೊಸೆ

ಒಳ್ಳೆಯ ಕೆಲಸ ಅಕ್ಕ. ನಮ್ಮ ಮಾವ ಪ್ರತಿ ಬೇಸಿಗೆ ಅಂಗಡಿ ಮುಂದೆ ಇಡುತ್ತಿದ್ದರು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಹೊಸ ಮಡಿಕೆ ತಂದ ದಿನವೇ ನೀರು ಕುಡಿಯಲು ಇಡಬೇಡಿ. ಒಂದು ದಿನ ಪೂರ್ತಿ ನೀರಲ್ಲಿ ನೆನೆಹಾಕಿ, ಆ ನೀರು ಚೆಲ್ಲಿ, ಮತ್ತೆ ತುಂಬಿಸಿ ಚೆಲ್ಲಿ. ಮಣ್ಣಿನ ವಾಸನೆ ಹದಕ್ಕೆ ಬರುತ್ತದೆ. ಸೋಪು ಹಾಕಿ ಮಾತ್ರ ತೊಳೆಯಬೇಡಿ. ಮಡಿಕೆ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ, ಸೋಪು ಒಳಗೆ ಸೇರಿಬಿಡುತ್ತದೆ. ತೆಂಗಿನನಾರಲ್ಲಿ ಉಜ್ಜಿ ಬಿಸಿನೀರಲ್ಲಿ ತೊಳೆದರೆ ಸಾಕು. ನೀರು ತಣ್ಣಗಾಗುವುದೂ ಆ ತೂತುಗಳಿಂದಲೇ. ಒಳಗಿನ ನೀರು ಸ್ವಲ್ಪ ಸ್ವಲ್ಪ ಹೊರಗೆ ಜಿನುಗಿ ಗಾಳಿಗೆ ಆರುತ್ತದೆ, ಆರುವಾಗ ಮಡಿಕೆಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮಡಿಕೆಗೆ ಬಣ್ಣ ಬಳಿಸಬೇಡಿ. ಚೆಂದ ಕಾಣುತ್ತದೆ, ಆದರೆ ನೀರು ತಣ್ಣಗಾಗೋದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಕಡೆ ಗಾಳಿ ಒಣಗಿರುತ್ತದೆ, ಆಗ ಮಡಿಕೆ ಚೆನ್ನಾಗಿ ಕೆಲಸ ಮಾಡುತ್ತದೆ.

ಕೆಳಗೆ ಮರಳು ಹಾಸಿ, ಮರಳು ಒದ್ದೆ ಇರಲಿ. ಮಡಿಕೆಗೆ ಒದ್ದೆ ಗೋಣಿಪಟ್ಟಿ ಸುತ್ತಿ. ಒಂದು ಹಿಡಿ ಲಾವಂಚದ ಬೇರನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಕಟ್ಟಿ ಒಳಗೆ ಬಿಡಿ. ಘಮ ಅಂದರೆ ಘಮ.

ನಲ್ಲಿ ಇರುವ ಮಡಿಕೆ ಸಿಕ್ಕರೆ ಅದನ್ನೇ ತನ್ನಿ. ಒಳಗೆ ಯಾರ ಕೈಯೂ ಹೋಗಬಾರದು. ನೀರನ್ನು ಹಿಂದಿನ ರಾತ್ರಿ ಕಾಯಿಸಿ ಆರಿಸಿ, ಬೆಳಿಗ್ಗೆ ಸೋಸಿ ತುಂಬಿಸಿ. ಉಳಿದದ್ದನ್ನು ಸಂಜೆ ಗಿಡಕ್ಕೆ ಹಾಕಿ, ಮಡಿಕೆ ಬೋರಲು ಹಾಕಿಬಿಡಿ.

ಮಜ್ಜಿಗೆಗೆ ಒಂದು ಲೀಟರ್ ಮೊಸರಿಗೆ ನಾಲ್ಕೈದು ಲೀಟರ್ ನೀರು. ಉಪ್ಪು, ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ಬೆಳಿಗ್ಗೆಯೇ ಎಲ್ಲವನ್ನೂ ಕಡೆದಿಟ್ಟರೆ ಮಧ್ಯಾಹ್ನಕ್ಕೆ ಹುಳಿಯಾಗುತ್ತದೆ, ಎರಡು ಸಲ ಮಾಡಿಕೊಳ್ಳಿ. ಉಪ್ಪು ಒಂದು ಚಿಟಿಕೆ ಜಾಸ್ತಿಯೇ ಇರಲಿ, ಬೆವರು ಸುರಿಸಿ ಬಂದವರಿಗೆ ಅದು ಬೇಕು.

ಹೊಂಗೆನೆರಳು

ಎಷ್ಟು ವಿವರವಾಗಿ ಹೇಳಿದಿರಿ ತಾಯಿ! ನಾನು ಬಣ್ಣ ಬಳಿದು ಹಸೆ ಬರೆಸೋಣ ಅಂತಿದ್ದೆ. ಹಸೆಯನ್ನು ಗೋಡೆ ಮೇಲೆ ಬರೆಸುತ್ತೇನೆ. ಲೋಟ ಯಾವುದು ಇಡೋದು? ಪೇಪರ್ ಕಪ್ ಸಲೀಸು ಅಂತ ಪಕ್ಕದ ಮನೆಯವರು ಹೇಳುತ್ತಿದ್ದಾರೆ.

ಪಾಂಡವಪುರದ ಸೊಸೆ

ಸ್ಟೀಲ್ ಲೋಟ ಇಡಿ ಅಕ್ಕ. ಪೇಪರ್ ಕಪ್ ಸಂಜೆಗೆ ಬೀದಿ ತುಂಬಾ ಬಿದ್ದಿರುತ್ತದೆ. ಅದನ್ನು ಹೆಕ್ಕಬೇಕಾದವರು ಯಾರು ಹೇಳಿ? ಅದೇ ಪೌರಕಾರ್ಮಿಕರು. ಇನ್ನೊಂದು ಮಾತು. ಕೆಲವು ಮನೆಗಳಲ್ಲಿ ಅವರಿಗೆ ಅಂತಲೇ ಒಂದು ಬೇರೆ ಲೋಟ ಗೇಟಿನ ಸಂದಿಯಲ್ಲಿ ಸಿಕ್ಕಿಸಿಟ್ಟಿರುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಎಲ್ಲರಿಗೂ ಒಂದೇ ಲೋಟ ಇಡಿ. ನಮ್ಮ ಮಾವ ಅವರ ಜೊತೆ ನಿಂತು, ಅದೇ ಲೋಟದಲ್ಲಿ ತಾವೂ ಎತ್ತಿ ಕುಡಿಯುತ್ತಿದ್ದರು.

ಬೆಟ್ಟದ ಮೆಟ್ಟಿಲು

ನಾನು ವಾರಕ್ಕೊಮ್ಮೆ ಚಾಮುಂಡಿಬೆಟ್ಟ ಹತ್ತುತ್ತೇನೆ. ಸಾವಿರ ಮೆಟ್ಟಿಲಿನಲ್ಲಿ ನಂದಿ ಸಿಗುವ ಹೊತ್ತಿಗೆ ಎಂಥವರಿಗೂ ಉಸಿರು ಕಟ್ಟಿರುತ್ತದೆ. ಆಗ ಮೇಲಿಂದ ಇಳಿದು ಬರುವವರು, ಗುರುತು ಪರಿಚಯ ಇಲ್ಲದವರು, "ಇನ್ನೇನು ಬಂತು, ಹತ್ತಿ ಹತ್ತಿ" ಅಂತ ಹೇಳಿ ಹೋಗುತ್ತಾರೆ. ಕೇಳಿದ ಕೂಡಲೇ ಕಾಲಿಗೆ ಅದೆಲ್ಲಿಂದಲೋ ಬಲ ಬರುತ್ತದೆ. ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಬಗ್ಗಿ ಹತ್ತುವ ಹೆಣ್ಣುಮಕ್ಕಳಿಗೆ ಕುಂಕುಮದ ಬಟ್ಟಲು ಹಿಡಿದುಕೊಳ್ಳುವ ಪುಟ್ಟ ಹುಡುಗರೂ ಸಿಗುತ್ತಾರೆ. ಆಷಾಢ ಶುಕ್ರವಾರ ಮೇಲೆ ಬಿಸಿಬೇಳೆಬಾತ್, ಕೇಸರಿಬಾತ್ ಹಂಚುವವರ ಬಗ್ಗೆ ನಾನು ಹೇಳಬೇಕಾಗಿಲ್ಲ, ಎಲ್ಲರೂ ತಿಂದವರೇ.

ಆಲೆಮನೆ ಹುಡುಗ, ಮಂಡ್ಯ

ನಮ್ಮ ಕಡೆ ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸುವ ಪದ್ಧತಿ ಇಲ್ಲ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಒಳಗೆ ಬಂದರೆ ಮೊದಲು ಒಂದು ಚೊಂಬು ಕಬ್ಬಿನ ಹಾಲು. ನಿಂಬೆಹಣ್ಣು ಇದ್ದರೆ ಹಿಂಡಿ ಕೊಡುತ್ತಾರೆ. ಆಮೇಲೆ ಕೊಪ್ಪರಿಗೆ ಹತ್ತಿರ ಕರೆಯುತ್ತಾರೆ. ಹಾಲು ಕುದಿಯುವಾಗ ಮೇಲೆ ಬರುವ ಮಡ್ಡಿ ತೆಗೆದು ತೆಗೆದು, ಪಾಕ ಹದಕ್ಕೆ ಬಂದಾಗ ಚಿನ್ನದ ಬಣ್ಣ ಬಂದಿರುತ್ತದೆ. ಸಿಗಿದ ಕಬ್ಬಿನ ತುಂಡನ್ನು ಅದರಲ್ಲಿ ಅದ್ದಿ ಕೈಗೆ ಕೊಡುತ್ತಾರೆ. ಊದಿ ಊದಿ ತಿನ್ನಬೇಕು. ಮಕ್ಕಳಿಗೆ ಮುತ್ತುಗದ ಎಲೆ ಮೇಲೆ ಒಂದು ಮುದ್ದೆ ಬಿಸಿಬೆಲ್ಲ.

ನಮ್ಮ ತಾತನ ಕಾಲದಲ್ಲಿ ಗಾಣಕ್ಕೆ ಎತ್ತು ಕಟ್ಟುತ್ತಿದ್ದರು. ಈಗ ಮೋಟಾರು. ಕೆಲಸಕ್ಕೆ ಉತ್ತರಪ್ರದೇಶದಿಂದ ಬಂದವರು ಜಾಸ್ತಿ. ಅವರಿಗೆ ಕನ್ನಡ ಅಷ್ಟು ಬರೋದಿಲ್ಲ. ಆದರೆ ಬಾಗಿಲಲ್ಲಿ ಯಾರಾದರೂ ಇಣುಕಿದರೆ ಸಾಕು, ಲೋಟ ತುಂಬಿಸಿ ಮುಂದೆ ಹಿಡಿಯುತ್ತಾರೆ. ನಾವ್ಯಾರೂ ಅವರಿಗೆ ಇದನ್ನು ಹೇಳಿಕೊಟ್ಟದ್ದಲ್ಲ, ನೋಡಿ ಕಲಿತರು. ಬೆಲ್ಲದ ರೇಟು ಬಿದ್ದ ವರ್ಷವೂ ಆ ಒಂದು ಲೋಟದ ಲೆಕ್ಕ ಯಾರೂ ಹಾಕಿಲ್ಲ.

ಮಂಡ್ಯ ಕಡೆ ಬಂದಾಗ ಆಲೆಮನೆ ಹೊಗೆ ಕಂಡರೆ ಒಳಗೆ ಬನ್ನಿ. ಯಾರು ಏನು ಅಂತ ಕೇಳೋದಿಲ್ಲ.

ರಿಂಗ್ ರೋಡ್ ರೈಡರ್

ಚೆನ್ನಾಗಿದೆ ಎಲ್ಲಾ. ಹೊಂಗೆನೆರಳು ಮೇಡಂ, ನನ್ನದೊಂದು ಸಲಹೆ. ಅರವಟ್ಟಿಗೆ ಶುರು ಮಾಡಿದ ದಿನ ಫೋಟೋ, ವಿಡಿಯೋ ಮಾಡಿ ಹಾಕಿ. ನೀರು ಕುಡಿಯುವವರ ಮುಖದಲ್ಲಿ ಸಂತೋಷ ಕಾಣಬೇಕು. ನೋಡಿ ನಾಲ್ಕು ಬೀದಿಯವರು ತಾವೂ ಇಡುತ್ತಾರೆ. ಒಳ್ಳೆಯದು ಹರಡಬೇಕಾದರೆ ಜನಕ್ಕೆ ಕಾಣಬೇಕು ಸರ್. ನಿಮ್ಮ ಬೀದಿ ಹೆಸರಿನ ಬೋರ್ಡೂ ಹಾಕಿ.

ಗಂಗೋತ್ರಿ ಹಾಸ್ಟೆಲ್

ರೈಡರ್ ಅಣ್ಣ, ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ಆ ಫೋಟೋದ ಇನ್ನೊಂದು ಬದಿಯಲ್ಲಿ ನಿಂತವನು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಹೈಸ್ಕೂಲಿನಲ್ಲಿದ್ದಾಗ ಒಂದು ಸಂಘದವರು ನಮಗೆ ನೋಟ್‌ಬುಕ್ ಕೊಟ್ಟರು. ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಕೈಗೂ ಪುಸ್ತಕ ಕೊಡುವಾಗ "ಈ ಕಡೆ ನೋಡು" ಅಂದರು. ಮಾರನೇ ದಿನ ಫೋಟೋ ಬಂತು. ನಮ್ಮ ಊರಿನವರೆಲ್ಲ ನೋಡಿದರು. ಅಪ್ಪ ಏನೂ ಅನ್ನಲಿಲ್ಲ, ಆದರೆ ಆ ಪೇಪರನ್ನು ಮಡಚಿ ಅಟ್ಟದ ಮೇಲೆ ಇಟ್ಟುಬಿಟ್ಟರು. ನೋಟ್‌ಬುಕ್ ಉಪಯೋಗಕ್ಕೆ ಬಂತು, ಇಲ್ಲ ಅನ್ನೋದಿಲ್ಲ.

ಮೈಸೂರಿಗೆ ಬಂದ ಮೇಲೆ ಸರಸ್ವತಿಪುರಂ ಕಡೆ ಒಂದು ಸಣ್ಣ ಮೆಸ್ಸಿನಲ್ಲಿ ಊಟ. ತಿಂಗಳ ಕೊನೆಯಲ್ಲಿ ದುಡ್ಡು ಮುಗಿದರೆ ನಾನು ರಾತ್ರಿ ಊಟ ಬಿಡುತ್ತಿದ್ದೆ. ಮೆಸ್ಸಿನ ಅಕ್ಕನಿಗೆ ಅದು ಹೇಗೆ ಗೊತ್ತಾಯಿತೋ. ಒಂದು ರಾತ್ರಿ ನಾನು ಆ ದಾರಿಯಲ್ಲಿ ಹೋಗುವಾಗ ಕೂಗಿ ಕರೆದರು. "ಏ, ಬಾ ಇಲ್ಲಿ. ಮುದ್ದೆ ಉಳಿದುಬಿಟ್ಟಿದೆ, ಸಾರೂ ಜಾಸ್ತಿ ಆಗಿದೆ. ಚೆಲ್ಲೋದಕ್ಕೆ ಮನಸ್ಸು ಬರಲ್ಲ ಕಣೋ, ಕೂತು ಖಾಲಿ ಮಾಡಿಕೊಡು" ಅಂದರು. ಕೂತೆ. ಮುದ್ದೆ ಆವಿ ಆಡುತ್ತಿತ್ತು. ಆಗಷ್ಟೇ ತೊಳಸಿದ್ದು. ಉಳಿದ ಮುದ್ದೆ ಹಾಗಿರೋದಿಲ್ಲ ಅಂತ ರಾಗಿ ತಿಂದು ಬೆಳೆದ ನನಗೆ ಗೊತ್ತಾಗದೇ ಇರುತ್ತದಾ? ಅವರಿಗೂ ಗೊತ್ತು ನನಗೆ ಗೊತ್ತಾಗಿದೆ ಅಂತ. ಇಬ್ಬರೂ ಆ ಮಾತು ಎತ್ತಲಿಲ್ಲ. ಆಮೇಲೆ ಪ್ರತಿ ತಿಂಗಳ ಕೊನೆಗೂ ಆ ಮೆಸ್ಸಿನಲ್ಲಿ ಸಾರು "ಜಾಸ್ತಿ" ಆಗುತ್ತಲೇ ಇತ್ತು.

ಆ ಅಕ್ಕನ ಹತ್ತಿರ ನನ್ನ ಫೋಟೋ ಇಲ್ಲ. ಅವರ ಮನೆ ಕೆಲಸ ಏನೇ ಇರಲಿ, ಕರೆದರೆ ಇವತ್ತಿಗೂ ಓಡುತ್ತೇನೆ.

ಹೊಂಗೆನೆರಳು

ಓದಿ ಕಣ್ಣು ತುಂಬಿ ಬಂತು ಮಗನೇ. ಅವರ ಹೊಟ್ಟೆ ತಣ್ಣಗಿರಲಿ.

ರಿಂಗ್ ರೋಡ್ ರೈಡರ್

ತಮ್ಮ, ನಿನ್ನ ಮಾತು ಒಪ್ಪುತ್ತೇನೆ. ಕುಡಿಯುವವರ ಫೋಟೋ ಬೇಡ. ಆದರೂ ಹೆಸರು ಹಾಕುವುದು ತಪ್ಪು ಅನಿಸೋದಿಲ್ಲ ನನಗೆ. ನಮ್ಮ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದ್ದು, ಬಾವಿ ತೋಡಿಸಿದ್ದು, ಅರವಂಟಿಗೆ ಇಟ್ಟದ್ದು ಎಲ್ಲವೂ ದಾನಿಯ ಹೆಸರಿನ ಜೊತೆಗೇ ಇದೆ ಅಲ್ವಾ? ಅವರೂ ಬರೆಸಿದ್ದರು.

ನಿವೃತ್ತ ಮೇಷ್ಟ್ರು, ಚಾಮುಂಡಿಪುರಂ

ರೈಡರ್ ಅವರೇ, ಶಾಸನದ ಮಾತು ನಿಜ. ಆದರೆ ಕಲ್ಲಿನ ಮೇಲೆ ಇರುವುದು ಕೊಟ್ಟವರ ಹೆಸರು, ಕುಡಿದವರ ಹೆಸರು ಎಲ್ಲೂ ಇಲ್ಲ. ನೀವು ಬೋರ್ಡು ಹಾಕಿದರೆ ಯಾರಿಗೂ ನೋವಾಗಲ್ಲ ಬಿಡಿ. ನೋವಾಗುವುದು ಪಡೆದವರನ್ನು ನಿಲ್ಲಿಸಿ ತೋರಿಸಿದಾಗ.

ನಮ್ಮ ತಂದೆ ವಾರಾನ್ನ ಉಂಡು ಓದಿದವರು. ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ಬಡ ಹುಡುಗರಿಗೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಸೋಮವಾರ ಅಗ್ರಹಾರದ ಮನೆ, ಮಂಗಳವಾರ ಲಕ್ಷ್ಮೀಪುರಂ, ಹೀಗೆ. ತಂದೆಗೆ ಗುರುವಾರದ ಮನೆ ಬಹಳ ಇಷ್ಟ. ಆ ಮನೆಯ ತಾಯಿ ಮನೆಮಕ್ಕಳ ಪಂಕ್ತಿಯಲ್ಲೇ ಕೂರಿಸಿ ಬಡಿಸುತ್ತಿದ್ದರಂತೆ. ತುಪ್ಪ ಬಡಿಸುವಾಗ ಸೌಟು ಮೊದಲು ತಂದೆಯ ಎಲೆಗೆ ಬರುತ್ತಿತ್ತು. ಮನೆಯ ಹುಡುಗ ಗೊಣಗಿದರೆ "ಅವನು ಸಾಲಿನಲ್ಲಿ ಮೊದಲು ಕೂತಿದ್ದಾನಲ್ಲ" ಅನ್ನುತ್ತಿದ್ದರಂತೆ. ಮೊದಲು ಕೂರಿಸುತ್ತಿದ್ದವರೂ ಅವರೇ. ಆ ಮನೆಯವರು ಊರಿಗೆ ಹೋಗುವುದಿದ್ದರೆ ಗುರುವಾರದ ಊಟಕ್ಕೆ ಪಕ್ಕದ ಮನೆಯಲ್ಲಿ ಹೇಳಿ ಹೋಗುತ್ತಿದ್ದರು. ತಂದೆ ಒಂದು ಗುರುವಾರವೂ ಹಸಿದು ಮಲಗಲಿಲ್ಲ. ಎಲ್ಲ ಮನೆಯೂ ಹಾಗಿರಲಿಲ್ಲ. ಇನ್ನೊಂದು ದಿನದ ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಹಿತ್ತಲ ಜಗುಲಿಯಲ್ಲಿ ಎಲೆ. ಅನ್ನ ಅದೇ ಅನ್ನ. ಆದರೆ ತಂದೆ ಕೊನೆಯವರೆಗೂ ನೆನೆಸಿಕೊಂಡದ್ದು ಗುರುವಾರದ ಮನೆಯನ್ನು.

ಒಂದು ಮಾತು ಹೇಳಲೇಬೇಕು. ವಾರಾನ್ನಕ್ಕೆ ಜಾತಿಯ ಗೆರೆ ಇತ್ತು, ಎಲ್ಲರ ಮಕ್ಕಳಿಗೂ ಆ ಬಾಗಿಲು ತೆರೆಯುತ್ತಿರಲಿಲ್ಲ. ಆ ಕೊರತೆಯನ್ನು ಎಷ್ಟೋ ಮಟ್ಟಿಗೆ ತುಂಬಿದ್ದು ಉಚಿತ ವಿದ್ಯಾರ್ಥಿನಿಲಯಗಳು. ಸುತ್ತೂರು ಮಠದ ರಾಜೇಂದ್ರ ಸ್ವಾಮಿಗಳು ಹಾಸ್ಟೆಲ್ ಮಕ್ಕಳ ಊಟಕ್ಕೆ ತಮ್ಮ ಚಿನ್ನದ ಕರಡಿಗೆಯನ್ನೇ, ಅಂದರೆ ಇಷ್ಟಲಿಂಗ ಇಡುವ ಭರಣಿಯನ್ನೇ, ಕೊಟ್ಟರು ಎಂದು ಮೈಸೂರಿನ ಹಿರಿಯರು ಇಂದಿಗೂ ಹೇಳುತ್ತಾರೆ. ಅದಕ್ಕೂ ಮೊದಲು ಮರಿಮಲ್ಲಪ್ಪ ಶಾಲೆಯ ಹೆಡ್‌ಮಾಸ್ಟರ್ ಎಂ. ವೆಂಕಟಕೃಷ್ಣಯ್ಯನವರು ಅನಾಥಾಲಯ ಕಟ್ಟಿದರು. ಊರಿಗೆ ಊರೇ ಅವರನ್ನು ತಾತಯ್ಯ ಅಂತ ಕರೆಯಿತು. ಇವತ್ತಿಗೂ ನಗರದಲ್ಲಿ ಅವರ ಪ್ರತಿಮೆ ಇದೆ, ಸಿಗ್ನಲ್‌ನಲ್ಲಿ ನಿಂತಾಗ ಮಕ್ಕಳಿಗೆ ತೋರಿಸಿ.

ಮೊಳ ಮಲ್ಲಿಗೆ

ಮೇಷ್ಟ್ರೇ, ನಿಮ್ಮ ಗುರುವಾರದ ತಾಯಿಗೆ ಒಂದು ನಮಸ್ಕಾರ.

ನನ್ನದು ಚಿಕ್ಕ ಸಂಗತಿ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರು ಮೊಣಕೈಯಿಂದ ಬೆರಳ ತುದಿವರೆಗೆ ಮೊಳ ಅಳೆದ ಮೇಲೆ, ಅಲ್ಲಿಗೇ ಕತ್ತರಿಸದೆ ಇನ್ನೊಂದು ನಾಲ್ಕು ಬೆರಳು ಬಿಟ್ಟು ಕತ್ತರಿಸುತ್ತಾರೆ. ಸೊಪ್ಪಿನವರು ಕಂತೆ ಮೇಲೆ ಒಂದೆರಡು ಎಸಳು ಕೊತ್ತಂಬರಿ ಹಾಕುತ್ತಾರೆ. ಆ ಕೊಸರು ಕೈಗೆ ಬಂದಾಗ ಆಗುವ ಖುಷಿ ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಕೊಟ್ಟರೂ ಆಗೋದಿಲ್ಲ. ಅದಕ್ಕೇ ನಾನು ಅವರ ಹತ್ತಿರ ಚೌಕಾಸಿ ಮಾಡುವುದನ್ನು ಬಿಟ್ಟಿದ್ದೇನೆ.

ಕಟ್ಟೆ ಲೆವೆಲ್, ಶ್ರೀರಂಗಪಟ್ಟಣ

ಖುಷಿ ಅಂದರೆ ನಮಗೆ ಒಂದೇ. ಜುಲೈನಲ್ಲಿ ಬೆಳಿಗ್ಗೆ ಎದ್ದು ಕನ್ನಂಬಾಡಿ ಕಟ್ಟೆ (ಕೆ.ಆರ್.ಎಸ್. ಅಣೆಕಟ್ಟು) ನೀರು ಎಷ್ಟು ಅಡಿ ಅಂತ ನೋಡುವುದು. 124.80 ಅಡಿ ಆದರೆ ಕಟ್ಟೆ ತುಂಬಿದ ಹಾಗೆ. ಆ ದಿನ ಟೀ ಅಂಗಡಿಯಲ್ಲಿ ಯಾರಾದರೊಬ್ಬರು ಎಲ್ಲರ ಟೀ ದುಡ್ಡೂ ತಾವೇ ಕೊಡುತ್ತಾರೆ. 1932ರಲ್ಲಿ ಕಟ್ಟೆ ಮುಗಿದಾಗಿನಿಂದ ಮಂಡ್ಯದವರ ಖುಷಿ, ಬೇಜಾರು ಎರಡಕ್ಕೂ ಅದೇ ಅಳತೆ. ಕಟ್ಟೆ ತುಂಬದ ವರ್ಷದ ಮಾತು ಬೇಡ.

ದೊಡ್ಡಾಸ್ಪತ್ರೆ ದಾರಿ

ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ನಮ್ಮಲ್ಲಿಗೆ ಎಚ್.ಡಿ. ಕೋಟೆ, ಚಾಮರಾಜನಗರ, ಕೊಳ್ಳೇಗಾಲ ಕಡೆಯಿಂದ ಜನ ಬರುತ್ತಾರೆ. ರೋಗಿ ಜೊತೆ ಬಂದವರಿಗೆ ಮೈಸೂರು ಗೊತ್ತಿರೋದಿಲ್ಲ. ಯಾವ ಕೌಂಟರ್, ಯಾವ ಚೀಟಿ, ಎಕ್ಸ್‌ರೇ ಎಲ್ಲಿ, ಏನೂ ತಿಳಿಯದೆ ಗಾಬರಿಯಲ್ಲಿರುತ್ತಾರೆ. ನಾವು ಕೆಲಸದ ನಡುವೆ ಎಷ್ಟು ಹೇಳಲಾಗುತ್ತದೆ? ಆಗ ನೆರವಿಗೆ ಬರುವವರು ಪಕ್ಕದ ಬೆಡ್ಡಿನವರು. ಎರಡು ದಿನ ಮುಂಚೆ ಬಂದವರೇ ಹೊಸಬರಿಗೆ ಗುರು. "ಬಾವ್ವ, ನಾ ತೋರಿಸ್ತೀನಿ" ಅಂತ ಕೈಹಿಡಿದು ಕರೆದುಕೊಂಡು ಹೋಗುತ್ತಾರೆ. ಒಬ್ಬರು ಮನೆಯಿಂದ ಬುತ್ತಿ ತರಿಸಿದರೆ ಸುತ್ತ ನಾಲ್ಕು ಬೆಡ್ಡಿನವರಿಗೂ ಒಂದು ತುತ್ತು. ತಾಯಿಗೆ ಹುಷಾರಿಲ್ಲದಿದ್ದರೆ ಮಗುವನ್ನು ಇನ್ಯಾರೋ ಎತ್ತಿಕೊಂಡಿರುತ್ತಾರೆ. ಹೊರಗಡೆ ಜಾತಿ, ಧರ್ಮ ಅಂತ ಕಿತ್ತಾಡುವವರು ಒಂದು ರಾತ್ರಿ ನಮ್ಮ ವಾರ್ಡಿನಲ್ಲಿ ಬಂದು ಕೂರಬೇಕು.

ಒಂದು ಕೋರಿಕೆ. ಸಂಬಂಧಿಕರನ್ನು ನೋಡಲು ಆಸ್ಪತ್ರೆಗೆ ಹೋಗುವಾಗ ಸೇಬು, ಹಾರ್ಲಿಕ್ಸ್ ಆಮೇಲೆ. ಒಂದು ಫ್ಲಾಸ್ಕ್ ಬಿಸಿನೀರು, ಒಂದು ಹಾಸು, ಫೋನ್ ಚಾರ್ಜರ್, ಚಿಲ್ಲರೆ ಕಾಸು ತೆಗೆದುಕೊಂಡು ಹೋಗಿ. ಕಾಯುತ್ತಾ ಕೂತವರಿಗೆ "ನೀವು ಹೋಗಿ ಸ್ನಾನ ಮಾಡಿಕೊಂಡು ಬನ್ನಿ, ಅಲ್ಲಿವರೆಗೆ ನಾನಿರುತ್ತೇನೆ" ಅಂತ ಹೇಳಿ. ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಶಿಂಷಾ ತೀರ, ಮದ್ದೂರು

ಮನುಷ್ಯರ ಮಾತೇ ಆಯಿತು. ನಮ್ಮ ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಚಳಿಗಾಲದಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಊರೊಳಗೇ ಬಂದು ಮನೆಗಳ ಪಕ್ಕದ ಹುಣಸೆ, ಆಲ, ಅರಳಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಮೊಟ್ಟೆ ಇಟ್ಟು, ಮರಿ ಹಾರುವವರೆಗೆ ಇದ್ದು, ಮಳೆಗಾಲದ ಹೊತ್ತಿಗೆ ಹೋಗುತ್ತವೆ. ಊರವರು ಅವುಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಹೇಳುತ್ತಾರೆ.

ದೂರದಿಂದ ನೋಡುವವರಿಗೆ ಚೆಂದ. ಮರದ ಕೆಳಗಿನ ಮನೆಯವರಿಗೆ ಹೇಗಿರುತ್ತದೆ ಯೋಚಿಸಿ. ಹಿಕ್ಕೆ, ಮೀನಿನ ವಾಸನೆ, ಹಗಲೂ ರಾತ್ರಿ ಗಲಾಟೆ. ಗೂಡು ಇರುವ ಮರದ ಹುಣಸೆ ಕೀಳುವ ಹಾಗಿಲ್ಲ. ಅದಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಹಿಕ್ಕೆ ಗೊಬ್ಬರವಾಗಿ ಹೊಲಕ್ಕೆ ಹೋಗುತ್ತದೆ. ಹಾಗಂತ ಲಾಭಕ್ಕೆ ಯಾರೂ ಇದನ್ನು ಸಹಿಸಿಕೊಳ್ಳುವುದಿಲ್ಲ. ಗೂಡಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ ಸಾಕಲು ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಅಂತಲೇ ಕಟ್ಟಿಕೊಂಡರು. 2007ರಲ್ಲಿ ಸರ್ಕಾರ ಈ ಊರನ್ನು ಸಮುದಾಯ ಮೀಸಲು ಅಂತ ಘೋಷಿಸಿತು. ಸಮುದಾಯ ಅದಕ್ಕಿಂತ ಎಷ್ಟೋ ಮುಂಚಿನಿಂದ ಆ ಕೆಲಸ ಮಾಡುತ್ತಲೇ ಇತ್ತು.

ಮಳವಳ್ಳಿ ಕಡೆ ದಾಸನದೊಡ್ಡಿಯ ಕಾಮೇಗೌಡರನ್ನೂ ನೆನೆಯಬೇಕು. ಕುರಿ ಕಾಯುವವರು. ಬೆಟ್ಟದಲ್ಲಿ ಪ್ರಾಣಿ ಪಕ್ಷಿಗೆ ನೀರಿಲ್ಲ ಅಂತ ಕಟ್ಟೆಗಳನ್ನು ಅಗೆಯುತ್ತಾ ಹೋದರು. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದ ಮೇಲೆ ದೇಶಕ್ಕೆ ಗೊತ್ತಾಯಿತು. 2022ರಲ್ಲಿ ತೀರಿಕೊಂಡರು.

ಹೊಂಗೆನೆರಳು ಅಕ್ಕ, ನಿಮ್ಮ ಮಡಿಕೆ ಪಕ್ಕ ಹಕ್ಕಿಗೆ ಒಂದು ಅಗಲವಾದ ಮಣ್ಣಿನ ಬೋಗುಣಿ ಇಡಿ. ಆಳ ಬೇಡ, ಒಳಗೆ ಒಂದು ಕಲ್ಲು ಇರಲಿ, ಹಕ್ಕಿ ಅದರ ಮೇಲೆ ಕೂತು ಕುಡಿಯುತ್ತದೆ. ನೀರು ದಿನಾ ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಹಸುಗಳು ಓಡಾಡುವ ಬೀದಿಯಾದರೆ ಒಂದು ಕಲ್ಲಿನ ತೊಟ್ಟಿ ಇಟ್ಟರೆ ಪುಣ್ಯ ಬರುತ್ತದೆ.

ಕುಕ್ಕರಹಳ್ಳಿ ಬೆಳಗು

ನನ್ನ ದಿನ ಶುರುವಾಗುವುದು ಕುಕ್ಕರಹಳ್ಳಿ ಕೆರೆ ಏರಿ ಮೇಲೆ. ಹೆಸರು ಗೊತ್ತಿಲ್ಲದ ಎಷ್ಟೋ ಸ್ನೇಹಿತರಿದ್ದಾರೆ ಅಲ್ಲಿ. ಎದುರಾದರೆ ಒಂದು ನಗು, ಅಷ್ಟೇ. ನಾನು ಡೆಂಗ್ಯೂ ಬಂದು ಮಲಗಿ ಎದ್ದು ಹೋದಾಗ, ಒಬ್ಬ ಹಿರಿಯರು ನಿಲ್ಲಿಸಿ "ಎಲ್ಲಿ ಹೋಗಿದ್ರಿ ಇಷ್ಟು ದಿನ? ದಿನಾ ನೋಡ್ತಿದ್ದೆ, ಕಾಣಲೇ ಇಲ್ಲ" ಅಂದರು. ಅದುವರೆಗೆ ಒಂದು ಮಾತೂ ಆಡಿದವರಲ್ಲ. ಒಬ್ಬಳೇ ಇರುವ ನನಗೆ ಆ ಮಾತು ಎಷ್ಟು ದೊಡ್ಡದು ಅಂತ ಅವರಿಗೆ ಗೊತ್ತಿರಲಾರದು.

ಇನ್ನೊಂದು ಖುಷಿ, ಭಾನುವಾರ ಸಂಜೆ ಏಳಕ್ಕೆ ಅರಮನೆ ದೀಪ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಸುಮಾರು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಜನರೆಲ್ಲ ಸೇರಿ "ಓ!" ಅನ್ನುತ್ತಾರಲ್ಲ, ಆ ಕೂಗಿನಲ್ಲಿ ನಾನೂ ಕೂಗುತ್ತೇನೆ.

ಗಂಗೋತ್ರಿ ಹಾಸ್ಟೆಲ್

ಮೇಡಂ, ನಾನೂ ಅಲ್ಲಿ ಓಡಲು ಬರುತ್ತೇನೆ. ಇನ್ಮೇಲೆ ಎದುರಾದವರಿಗೆಲ್ಲ ನಮಸ್ಕಾರ ಹೇಳುತ್ತೇನೆ, ಅದರಲ್ಲಿ ಒಬ್ಬರು ನೀವಾಗಿರುತ್ತೀರಿ.

ಮಹಿಳಾ ಬೋಗಿ, ಮೈಸೂರು

ಎಲ್ಲವನ್ನೂ ಓದಿದೆ, ನನಗೂ ಬರೆಯಬೇಕು ಅನಿಸಿತು. ನಾನು ಕೆಲಸಕ್ಕೆ ಮೈಸೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಓಡಾಡುತ್ತೇನೆ. ಹೆಂಗಸರ ಬೋಗಿಯಲ್ಲಿ ದಿನಾ ಬರುವವರದ್ದೇ ಒಂದು ಮನೆ ಆಗಿಬಿಟ್ಟಿದೆ. ಹೂ ಕಟ್ಟುವವರು ಕಟ್ಟುತ್ತಾರೆ, ಅವರೆಕಾಳಿನ ಕಾಲದಲ್ಲಿ ಅವರೆ ಸುಲಿಯುತ್ತಾರೆ, ಪರೀಕ್ಷೆಗೆ ಓದುವವರು ಓದುತ್ತಾರೆ. ಅವರಿಗಾಗಿ ನಾವು ಮಾತು ಮೆತ್ತಗೆ ಮಾಡುತ್ತೇವೆ. ಬಸುರಿ ಇದ್ದರೆ ಕಿಟಕಿ ಪಕ್ಕದ ಸೀಟು ಅವಳದ್ದೇ. ಹೆರಿಗೆ ರಜಕ್ಕೆ ಹೋಗುವ ಮುಂಚೆ ಬೋಗಿಯಲ್ಲೇ ಬಳೆ ತೊಡಿಸಿ ಮಡಿಲು ತುಂಬಿ ಕಳಿಸುತ್ತೇವೆ. ಆಯುಧಪೂಜೆ ಬಂದರೆ ಮಾವಿನ ತೋರಣ ಕಟ್ಟುತ್ತೇವೆ, ಕುಂಬಳಕಾಯಿ ಒಡೆಯುತ್ತೇವೆ. ಮದ್ದೂರಿನಲ್ಲಿ ವಡೆ ಹತ್ತಿದರೆ ಒಬ್ಬರು ಕಟ್ಟು ತೆಗೆದುಕೊಂಡರೆ ಸಾಕು, ಮುರಿದು ಎಲ್ಲರ ಕೈಗೂ ಬರುತ್ತದೆ. ಈರುಳ್ಳಿ ಘಮ ರಾಮನಗರದವರೆಗೂ ಬೋಗಿಯಲ್ಲೇ ಇರುತ್ತದೆ.

ಹೊಸ ಹುಡುಗಿ ಹತ್ತಿದರೆ ಮೊದಲ ದಿನ ಬಾಗಿಲ ಹತ್ತಿರ ಬ್ಯಾಗ್ ಅಪ್ಪಿಕೊಂಡು ನಿಂತಿರುತ್ತಾಳೆ. ಯಾರಾದರೊಬ್ಬರು ಸರಿದು "ಬಾ, ಕೂತ್ಕೊ, ಮೂರು ಜನ ಕೂರೋ ಕಡೆ ನಾಲ್ಕು ಜನ ಕೂರ್ತೀವಿ" ಅನ್ನುತ್ತಾರೆ. ನನಗೂ ಹೀಗೇ ಯಾರೋ ಹೇಳಿದ್ದರು.

ಮಂಡ್ಯದ ಅಮ್ಮ

ತಂಗಿ, ನಿನ್ನ ಬರಹ ಓದಿ ಒಂದು ವಿಷಯ ಕೇಳಬೇಕು ಅನಿಸಿತು. ನನ್ನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಆಗಿದೆ, ಸೋಮವಾರದಿಂದ ಹೋಗಬೇಕು. ಪಿ.ಜಿ. ಸಿಗುವವರೆಗೆ ಮಂಡ್ಯದಿಂದಲೇ ಓಡಾಡುತ್ತಾಳೆ. ಒಬ್ಬಳೇ ದೂರ ಹೋಗಿದ್ದೇ ಇಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ ನನಗೆ. ಹೆಂಗಸರ ಬೋಗಿ ಎಲ್ಲಿ ನಿಲ್ಲುತ್ತದೆ? ಪಾಸು ಎಲ್ಲಿ ಮಾಡಿಸಬೇಕು?

ಮಹಿಳಾ ಬೋಗಿ, ಮೈಸೂರು

ಅಕ್ಕ, ಏನೂ ಯೋಚನೆ ಮಾಡಬೇಡಿ. ಪಾಸು ಮಂಡ್ಯ ಸ್ಟೇಷನ್ ಕೌಂಟರಿನಲ್ಲೇ ಕೊಡುತ್ತಾರೆ, ಗುರುತಿನ ಚೀಟಿ ಇಟ್ಟುಕೊಂಡಿರಲಿ. ಭಾನುವಾರ ಸಂಜೆಯೇ ಮಾಡಿಸಿಬಿಡಿ, ಸೋಮವಾರ ಬೆಳಿಗ್ಗೆ ಸಾಲು ಉದ್ದ ಇರುತ್ತದೆ. ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ಪ್ಲಾಟ್‌ಫಾರ್ಮಿನಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ನಿಂತಿರುವ ಯಾವ ಹೆಂಗಸನ್ನು ಕೇಳಿದರೂ ತೋರಿಸುತ್ತಾರೆ, ಅವರೂ ಅದಕ್ಕೇ ಹತ್ತುವವರು. ಮೊದಲ ದಿನ ನೀವೂ ಸ್ಟೇಷನ್‌ಗೆ ಬನ್ನಿ. ನಾನು ಬಾ‌ಗಿಲಲ್ಲೇ ನಿಂತಿರುತ್ತೇನೆ, ಹಸಿರು ದುಪಟ್ಟಾ. ಅವಳಿಗೆ ಸೀಟು ಹಿಡಿದಿಟ್ಟಿರುತ್ತೇನೆ. ಸಂಜೆ ವಾಪಸ್ ಬರುವಾಗಲೂ ನಮ್ಮ ಜೊತೆಗೇ ಬರಲಿ. ತಡವಾದರೆ ಯಾವ ಗಾಡಿ ಸಿಗುತ್ತದೆ ಅಂತ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ.

ಮಂಡ್ಯದ ಅಮ್ಮ

ಆಯ್ತು ಕಣವ್ವ. ಖಂಡಿತ ಬರುತ್ತೇನೆ. ನಿಮ್ಮ ಬೋಗಿಯವರಿಗೆಲ್ಲ ಆಗುವಷ್ಟು ನಿಪ್ಪಟ್ಟು ಕರಿದು ಅವಳ ಕೈಲಿ ಕಳಿಸುತ್ತೇನೆ. ಖಾರ ತಿನ್ನುತ್ತೀರಾ, ಸ್ವಲ್ಪ ಕಡಿಮೆ ಹಾಕಲಾ?

ಮಹಿಳಾ ಬೋಗಿ, ಮೈಸೂರು

ಖಾರ ಇರಲಿ ಅಕ್ಕ.